ಅಗ್ಗದ ಪ್ರಿಪೇಯ್ಡ್ ಫೋನು: ಕೊಂಡವನ ಸ್ವತ್ತೇ, ಕಂಪನಿಯ ಸ್ವತ್ತೇ?

ಅಮೆರಿಕದಲ್ಲಿರುವ ಮಗನ ಮನೆಯಲ್ಲಿ ಐದಾರು ತಿಂಗಳಿದ್ದು ಮೈಸೂರಿಗೋ ಹುಬ್ಬಳ್ಳಿಗೋ ಮರಳುವ ತಂದೆತಾಯಿಯರ ಪೆಟ್ಟಿಗೆಯಲ್ಲಿ ಬಾದಾಮಿ, ಚಾಕೊಲೇಟು, ವಿಟಮಿನ್ ಮಾತ್ರೆಗಳ ಡಬ್ಬಿಗಳೊಂದಿಗೆ ಒಂದೆರಡು ಹೊಸ ಮೊಬೈಲ್ ಫೋನುಗಳೂ ಇರುವುದು ವಾಡಿಕೆ. ಒಂದು ಅಳಿಯನಿಗೆ, ಇನ್ನೊಂದು ತಂಗಿಯ ಮಗನಿಗೆ. ಅಲ್ಲಿನ ದೊಡ್ಡ ಮಳಿಗೆಯೊಂದರಲ್ಲಿ ನಲವತ್ತೋ ಐವತ್ತೋ ಡಾಲರಿಗೆ ಸಿಕ್ಕ ಫೋನು ಅದು. ಅಂಥದೇ ಫೋನಿಗೆ ಬೆಂಗಳೂರಿನಲ್ಲಿ ಅದರ ಎರಡು ಮೂರು ಪಟ್ಟು ಬೆಲೆ. ಆದರೆ ಊರಿಗೆ ಬಂದು ಇಲ್ಲಿನ ಸಿಮ್ ಹಾಕಿದ ಕೂಡಲೇ ಪರದೆಯ ಮೇಲೆ ಒಂದು ಸಾಲು ಮೂಡುತ್ತದೆ: ಈ ಸಿಮ್ ಈ ಫೋನಿನಲ್ಲಿ ನಡೆಯದು. ಹಿಂದಿರುಗಿಸೋಣವೆಂದರೆ ಅಂಗಡಿ ಸಮುದ್ರದಾಚೆ ಇದೆ, ಮಾರೋಣವೆಂದರೆ ಕೊಳ್ಳುವವರಿಲ್ಲ.

ಇದು ಫೋನಿನ ದೋಷವಲ್ಲ. ಆ ಫೋನು ಅಗ್ಗವಾಗಿ ಸಿಕ್ಕಿದ್ದೇ ಈ ಬೀಗದ ಕಾರಣದಿಂದ. ಅಮೆರಿಕದಲ್ಲಿ ಎರಡು ದಶಕಗಳಿಂದ ನ್ಯಾಯಾಲಯಗಳನ್ನೂ ಸಂಸತ್ತನ್ನೂ ಕಾಡಿರುವ ವಿವಾದವೊಂದು ಈ ಬೀಗದ ಹಿಂದೆ ಇದೆ. ದುಡ್ಡು ಕೊಟ್ಟು ತಂದ ಫೋನನ್ನು ಮತ್ತೊಬ್ಬನಿಗೆ ಮಾರುವ ಹಕ್ಕು ಕೊಂಡವನಿಗೆ ಇದೆಯೇ ಎಂಬುದು ಆ ವಿವಾದದ ತಿರುಳು.

ನಷ್ಟಕ್ಕೆ ಮಾರುವ ವ್ಯಾಪಾರ

ಭಾರತದಲ್ಲಿ ಪ್ರಿಪೇಯ್ಡ್ ಎಂದರೆ ಸಿಮ್ ಕಾರ್ಡಿಗೆ ಸಂಬಂಧಿಸಿದ ಮಾತು. ಫೋನು ಒಂದು ಅಂಗಡಿಯಲ್ಲಿ, ಸಿಮ್ ಮತ್ತೊಂದೆಡೆ, ಕರೆನ್ಸಿ ಹಾಕಿಸುವುದು ಬೀದಿ ಕೊನೆಯ ಗೂಡಂಗಡಿಯಲ್ಲಿ. ಅಮೆರಿಕದಲ್ಲಿ ಬಹುಕಾಲ ಹೀಗಿರಲಿಲ್ಲ. ಅಲ್ಲಿ ಫೋನನ್ನೂ ಸೇವೆಯನ್ನೂ ಒಂದೇ ಪೊಟ್ಟಣದಲ್ಲಿಟ್ಟು ಮಾರುವುದು ರೂಢಿ. ಸಂಬಳದ ಪುರಾವೆ, ಸಾಲದ ಚರಿತ್ರೆ ಇದ್ದವರಿಗೆ ತಿಂಗಳ ಬಿಲ್ಲಿನ ಕರಾರು. ಅದಿಲ್ಲದ ವಿದ್ಯಾರ್ಥಿಗಳು, ವಲಸಿಗರು, ವೃದ್ಧರು, ಕಡಿಮೆ ಆದಾಯದವರಿಗೆ ಪ್ರಿಪೇಯ್ಡ್ ಫೋನು.

1996ರಲ್ಲಿ ಆರಂಭವಾದ, ಫ್ಲಾರಿಡಾದ ಮಯಾಮಿ ಕೇಂದ್ರವಾಗಿದ್ದ ಟ್ರಾಕ್‌ಫೋನ್ ಈ ವ್ಯಾಪಾರದಲ್ಲಿ ದೊಡ್ಡ ಹೆಸರು. ಸ್ವಂತ ಗೋಪುರಗಳಿಲ್ಲದೆ, ಬೇರೆ ಕಂಪನಿಗಳ ಜಾಲದಲ್ಲಿ ಸಗಟು ದರಕ್ಕೆ ಮಾತಿನ ನಿಮಿಷಗಳನ್ನು ಕೊಂಡು ಚಿಲ್ಲರೆಯಾಗಿ ಮಾರುವ ಸಂಸ್ಥೆ ಅದು. ಅದರ ಲೆಕ್ಕಾಚಾರ ಸರಳ. ಫೋನನ್ನು ತಾನು ಕೊಂಡ ಬೆಲೆಗಿಂತ ಕಡಿಮೆಗೆ ಮಾರುವುದು. ಗ್ರಾಹಕ ಮುಂದೆ ತಿಂಗಳು ತಿಂಗಳು ಹಾಕಿಸುವ ಕರೆನ್ಸಿಯಲ್ಲಿ ಆ ನಷ್ಟವನ್ನು ತುಂಬಿಕೊಂಡು ಲಾಭ ಮಾಡುವುದು. ಗ್ರಾಹಕ ಬೇರೆ ಜಾಲಕ್ಕೆ ಹೋಗದಂತೆ ಫೋನಿನ ತಂತ್ರಾಂಶದಲ್ಲೇ ಬೀಗ ಹಾಕುವುದು. ಪೊಟ್ಟಣದ ಮೇಲೆ, ಈ ಫೋನು ತನ್ನ ಸೇವೆಯೊಂದಿಗಷ್ಟೇ ಬಳಸಲು ಮಾರಿದ್ದು, ಪೊಟ್ಟಣ ತೆರೆದವರು ಈ ಷರತ್ತಿಗೆ ಒಪ್ಪಿದಂತೆ ಎಂಬ ಅರ್ಥದ ಸೂಚನೆಯನ್ನು ಅಚ್ಚು ಹಾಕುವುದು.

ಅಂಗಡಿಯ ಕಪಾಟಿನಲ್ಲಿ ಇಪ್ಪತ್ತು ಡಾಲರಿಗೆ ಸಿಗುವ ವಸ್ತು ಬೇರೊಂದು ಮಾರುಕಟ್ಟೆಯಲ್ಲಿ ಅದಕ್ಕಿಂತ ಹೆಚ್ಚು ಬೆಲೆ ಬಾಳುತ್ತದೆ ಎಂದರೆ ವ್ಯಾಪಾರಿಗಳು ಸುಮ್ಮನಿರುತ್ತಾರೆಯೇ? ಮಳಿಗೆಯಿಂದ ಮಳಿಗೆಗೆ ಕಾರಿನಲ್ಲಿ ಸುತ್ತಿ ಹತ್ತು, ಇಪ್ಪತ್ತು, ಐವತ್ತು ಫೋನು ಕೊಳ್ಳುವುದು, ಡಬ್ಬಿ ಮತ್ತು ಚಾರ್ಜರನ್ನು ಬಿಸಾಡುವುದು, ಬೀಗ ಒಡೆಯುವುದು, ಲ್ಯಾಟಿನ್ ಅಮೆರಿಕಕ್ಕೋ ಏಷ್ಯಾಕ್ಕೋ ಸಾಗಿಸುವುದು - 2005ರ ಸುಮಾರಿಗೆ ಇದೊಂದು ದಂಧೆಯಾಗಿ ಬೆಳೆದಿತ್ತು. ಪ್ರತಿ ಫೋನಿನ ಮೇಲೆ ಕೆಲವೇ ಡಾಲರುಗಳ ಲಾಭ. ಆದರೆ ಸಾವಿರ ಫೋನಿಗೆ ಲೆಕ್ಕ ಹಾಕಿದರೆ ಅದೇ ದೊಡ್ಡ ಮೊತ್ತ. ಹೊರೆ ಬೀಳುತ್ತಿದ್ದುದು ಕಂಪನಿಯ ಮೇಲೆ: ಮಾರಿದ ಪ್ರತಿ ಫೋನಿಗೂ ಕೈಯಿಂದ ಹಾಕಿದ ಹಣ ವಾಪಸು ಬರುತ್ತಿರಲಿಲ್ಲ.

ಫೋನು ಕೊಂಡಿದ್ದಕ್ಕೆ ಭಯೋತ್ಪಾದನೆಯ ಆರೋಪ

ಈ ದಂಧೆ ಜನಸಾಮಾನ್ಯರ ಗಮನಕ್ಕೆ ಬಂದದ್ದು ವಿಚಿತ್ರ ರೀತಿಯಲ್ಲಿ. 2006ರ ಆಗಸ್ಟ್‌ನಲ್ಲಿ ಮಿಷಿಗನ್ ರಾಜ್ಯದ ಕ್ಯಾರೊ ಎಂಬ ಚಿಕ್ಕ ಊರಿನ ವಾಲ್‌ಮಾರ್ಟ್ ಮಳಿಗೆಯಲ್ಲಿ ಟೆಕ್ಸಾಸ್‌ನ ಮೂವರು ಯುವಕರು ಒಂದೇ ಸಲಕ್ಕೆ ಹತ್ತಾರು ಪ್ರಿಪೇಯ್ಡ್ ಫೋನುಗಳನ್ನು ಕೊಂಡರು. ಸುದ್ದಿ ಪೊಲೀಸರಿಗೆ ಹೋಯಿತು. ಅವರ ವಾಹನದಲ್ಲಿ ಸುಮಾರು ಒಂದು ಸಾವಿರ ಫೋನುಗಳು ಸಿಕ್ಕವು. ಮೂವರೂ ಪ್ಯಾಲೆಸ್ಟೀನ್ ಮೂಲದ ಅಮೆರಿಕನ್ನರು. ವಿಮಾನ ಸ್ಫೋಟದ ಸಂಚೊಂದು ಲಂಡನ್ನಿನಲ್ಲಿ ಬಯಲಾಗಿದ್ದ ವಾರ ಅದು. ಸ್ಥಳೀಯ ಅಭಿಯೋಜಕರು ಅವರ ಮೇಲೆ ಭಯೋತ್ಪಾದನೆಗೆ ಸಂಬಂಧಿಸಿದ ಆರೋಪವನ್ನೇ ಹೊರಿಸಿದರು. ಮಿಷಿಗನ್‌ನ ಪ್ರಸಿದ್ಧ ಮ್ಯಾಕಿನಾ ಸೇತುವೆಗೆ ಅಪಾಯ ತರಲು ಹೊರಟಿದ್ದರೆಂಬ ಮಾತೂ ಕೇಳಿಬಂತು. ಅದೇ ವಾರ ಓಹಿಯೊ ರಾಜ್ಯದ ಮರಿಯೆಟ್ಟಾದಲ್ಲಿಯೂ ಇಬ್ಬರು ಇದೇ ಬಗೆಯ ಪ್ರಕರಣದಲ್ಲಿ ಸಿಕ್ಕಿಬಿದ್ದರು.

ಅವರು ಹೇಳಿದ್ದು ಒಂದೇ ಮಾತು: ಅಗ್ಗಕ್ಕೆ ಕೊಂಡು ಹೆಚ್ಚಿಗೆ ಮಾರುತ್ತೇವೆ, ಅಷ್ಟೇ. ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐ ಕೂಡ ಭಯೋತ್ಪಾದನೆಯ ನಂಟು ಕಾಣುತ್ತಿಲ್ಲವೆಂದಿತು. ಎರಡೂ ಕಡೆ ಭಯೋತ್ಪಾದನೆಯ ಆರೋಪ ನಿಲ್ಲಲಿಲ್ಲ. ಅಂಗಡಿಯಿಂದ ರಸೀತಿ ಸಹಿತ ಕೊಂಡ ಸರಕು ಕಾರಿನಲ್ಲಿದ್ದ ಕಾರಣಕ್ಕೆ, ಹೆಸರು ಮತ್ತು ಮುಖಚಹರೆ ನೋಡಿ ಯುವಕರನ್ನು ಜೈಲಿಗೆ ಅಟ್ಟಿದ ಆ ದಿನಗಳ ಆತುರ ಇಂದು ಓದಿದರೂ ಕಸಿವಿಸಿ ಹುಟ್ಟಿಸುವಂಥದು. ಆ ನಂತರ ದೊಡ್ಡ ಸರಣಿ ಮಳಿಗೆಗಳಲ್ಲಿ ಒಬ್ಬರಿಗೆ ಇಂತಿಷ್ಟೇ ಪ್ರಿಪೇಯ್ಡ್ ಫೋನು ಎಂಬ ಮಿತಿ ಸಾಮಾನ್ಯವಾಯಿತು. ಮಿತಿ ಹಾಕಿದ್ದು ಸುರಕ್ಷತೆಗಿಂತ ಹೆಚ್ಚಾಗಿ ಸಬ್ಸಿಡಿ ಉಳಿಸಿಕೊಳ್ಳಲು ಎಂಬುದು ವ್ಯಾಪಾರ ಬಲ್ಲವರಿಗೆ ತಿಳಿಯದ ಗುಟ್ಟೇನಲ್ಲ.

ಪುಸ್ತಕದ ಮೊಕದ್ದಮೆಯಿಂದ ಫೋನಿನ ಮೊಕದ್ದಮೆಗೆ

ಮಾರಿದ ಮೇಲೆ ಮಾರಿದವನ ಹಿಡಿತ ಮುಗಿಯಿತು ಎಂಬುದು ಅಮೆರಿಕದ ಕಾನೂನಿನಲ್ಲಿ ಹಳೆಯ ತತ್ತ್ವ. 1908ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಮುಂದೆ ಒಂದು ಕಾದಂಬರಿಯ ವ್ಯಾಜ್ಯ ಬಂದಿತ್ತು. ಈ ಪುಸ್ತಕವನ್ನು ಒಂದು ಡಾಲರಿಗಿಂತ ಕಡಿಮೆಗೆ ಮಾರಿದರೆ ಕೃತಿಸ್ವಾಮ್ಯ ಉಲ್ಲಂಘನೆಯಾದಂತೆ ಎಂದು ಪ್ರಕಾಶಕರು ಒಳಪುಟದಲ್ಲಿ ಅಚ್ಚು ಹಾಕಿದ್ದರು. ನ್ಯೂಯಾರ್ಕಿನ ಮೇಸೀಸ್ ಮಳಿಗೆ ಅದನ್ನು 89 ಸೆಂಟಿಗೆ ಮಾರಿತು. ಪುಟದ ಮೇಲೆ ಬರೆದ ಮಾತ್ರಕ್ಕೆ ಮುಂದಿನ ಮಾರಾಟಕ್ಕೆ ಕೃತಿಸ್ವಾಮ್ಯದ ಕಟ್ಟುಪಾಡು ಬಾರದು ಎಂದು ನ್ಯಾಯಾಲಯ ಹೇಳಿತು. 2013ರಲ್ಲಿ ಇದೇ ತತ್ತ್ವ ಮತ್ತೆ ಪರೀಕ್ಷೆಗೆ ಒಳಗಾಯಿತು. ಥಾಯ್ಲೆಂಡಿನ ವಿದ್ಯಾರ್ಥಿಯೊಬ್ಬ ತನ್ನ ಊರಿನಲ್ಲಿ ಅಗ್ಗವಾಗಿ ಸಿಗುವ ಪಠ್ಯಪುಸ್ತಕಗಳನ್ನು ತರಿಸಿ ಅಮೆರಿಕದಲ್ಲಿ ಮಾರಿದ್ದ. ಆಗಲೂ ಸುಪ್ರೀಂ ಕೋರ್ಟು ಕೊಂಡವನ ಪರವಾಗಿಯೇ ನಿಂತಿತು.

ಹಾಗಾದರೆ ಫೋನು ಮಾರಿದವರು ಏಕೆ ಸೋತರು? ಟ್ರಾಕ್‌ಫೋನ್ ಬರೀ ಮರುಮಾರಾಟದ ವಿರುದ್ಧ ವಾದಿಸಲಿಲ್ಲ. ಬೀಗ ಒಡೆಯುವುದು 1998ರ ಡಿಜಿಟಲ್ ಕೃತಿಸ್ವಾಮ್ಯ ಕಾಯಿದೆಗೆ ವಿರುದ್ಧ ಎಂದಿತು. ತಂತ್ರಾಂಶ ಬದಲಿಸಿದ ಫೋನಿನ ಮೇಲೆ ತನ್ನ ಮುದ್ರೆ ಉಳಿದಿರುವುದರಿಂದ ವ್ಯಾಪಾರ ಚಿಹ್ನೆಯ ದುರ್ಬಳಕೆ ಎಂದಿತು. ಪೊಟ್ಟಣದ ಷರತ್ತು ಮುರಿದದ್ದು ಕರಾರು ಭಂಗ ಎಂದಿತು. ಹತ್ತಾರು ಸಗಟು ವ್ಯಾಪಾರಿಗಳ ಮೇಲೆ ದಾವೆ ಹೂಡಿತು. ಬಹುಪಾಲು ಚಿಕ್ಕ ವ್ಯಾಪಾರಿಗಳು. ವಕೀಲರಿಗೆ ಸುರಿಯುವಷ್ಟು ಹಣವಿಲ್ಲದವರು. ಎಷ್ಟೋ ಮೊಕದ್ದಮೆಗಳು ಒಪ್ಪಿಗೆಯ ತೀರ್ಪಿನಲ್ಲಿ ಮುಗಿದವು. ಮುಂದೆ ಕೈಹಾಕಿದರೆ ಫೋನೊಂದಕ್ಕೆ 5,000 ಡಾಲರ್ ತೆರಬೇಕೆಂಬ ಷರತ್ತು ಇಂಥ ಆದೇಶಗಳಲ್ಲಿ ಪದೇ ಪದೇ ಕಾಣಿಸುತ್ತದೆ. ಇಪ್ಪತ್ತು ಡಾಲರಿನ ಫೋನಿಗೆ ಐದು ಸಾವಿರ!

ಬೀಗದ ಕಾನೂನು ಮಾತ್ರ ಉಯ್ಯಾಲೆಯಂತೆ ತೂಗಿದೆ. 1998ರ ಕಾಯಿದೆಗೆ ಮೂರು ವರ್ಷಕ್ಕೊಮ್ಮೆ ವಿನಾಯಿತಿಗಳನ್ನು ಘೋಷಿಸುವ ಅಧಿಕಾರ ಇರುವುದು ಯಾವ ದೂರಸಂಪರ್ಕ ಇಲಾಖೆಗೂ ಅಲ್ಲ, ಅಮೆರಿಕ ಸಂಸತ್ತಿನ ಗ್ರಂಥಾಲಯದ ಮುಖ್ಯಸ್ಥರಿಗೆ. 2006ರ ನವೆಂಬರಿನಲ್ಲಿ ಅವರು, ಫೋನಿನ ಬೀಗ ಕಾಯುವುದು ಕೃತಿಯನ್ನಲ್ಲ, ವ್ಯಾಪಾರದ ಮಾದರಿಯನ್ನು ಎಂಬ ನೆಲೆಯಲ್ಲಿ ಬೀಗ ತೆಗೆಯಲು ವಿನಾಯಿತಿ ಕೊಟ್ಟರು. 2010ರಲ್ಲಿ ಅದು ಮುಂದುವರಿಯಿತು. 2012ರಲ್ಲಿ ಅದೇ ಸ್ಥಾನದಿಂದ ವಿನಾಯಿತಿಗೆ ಕತ್ತರಿ ಬಿತ್ತು. 2013ರ ಜನವರಿ 26ರ ನಂತರ ಕೊಂಡ ಫೋನಿನ ಬೀಗವನ್ನು ಕಂಪನಿಯ ಒಪ್ಪಿಗೆಯಿಲ್ಲದೆ ತೆಗೆಯುವಂತಿಲ್ಲವೆಂದಾಯಿತು. ಸಿಟ್ಟಿಗೆದ್ದ ಒಂದು ಲಕ್ಷಕ್ಕೂ ಹೆಚ್ಚು ಜನ ಶ್ವೇತಭವನಕ್ಕೆ ಮನವಿ ಸಲ್ಲಿಸಿದರು. 2014ರ ಆಗಸ್ಟ್ 1ರಂದು ಅಧ್ಯಕ್ಷ ಬರಾಕ್ ಒಬಾಮ ಸಹಿ ಹಾಕಿದ ಹೊಸ ಕಾಯಿದೆ ಹಳೆಯ ವಿನಾಯಿತಿಯನ್ನು ಮರಳಿ ತಂದಿತು.

ಇಲ್ಲೊಂದು ಸೂಕ್ಷ್ಮವಿದೆ. ವಿನಾಯಿತಿಯ ಉದ್ದೇಶ ತನ್ನ ಫೋನನ್ನು ತನಗೆ ಬೇಕಾದ ಜಾಲಕ್ಕೆ ಜೋಡಿಸಿಕೊಳ್ಳುವ ಗ್ರಾಹಕನ ರಕ್ಷಣೆ. ಸಾವಿರ ಫೋನು ಕೊಂಡು ಬೀಗ ಒಡೆದು ಮಾರುವವನು ತನ್ನ ರಕ್ಷಣೆಗೆ ಇದನ್ನು ಮುಂದೊಡ್ಡಿದಾಗ ನ್ಯಾಯಾಲಯಗಳು ಒಪ್ಪಲಿಲ್ಲ. ಮನೆಯಲ್ಲಿ ಬಳಸಿ ಬಿಟ್ಟ ಒಂದು ಫೋನನ್ನು ಪಕ್ಕದ ಮನೆಯವರಿಗೆ ಮಾರಿದವರ ಬೆನ್ನು ಹತ್ತಲು ಕಂಪನಿಗಳಿಗೆ ಆಸಕ್ತಿಯೂ ಇಲ್ಲ, ಬಿಡುವೂ ಇಲ್ಲ. ತಕರಾರು ಇದ್ದದ್ದು ಸಗಟು ವ್ಯಾಪಾರದ ಬಗ್ಗೆ.

ವಾಪಸು ಕೊಡುವ ಹಕ್ಕು ಎಂಬ ಭ್ರಮೆ

ಅಮೆರಿಕದಲ್ಲಿ ಏನನ್ನು ಬೇಕಾದರೂ ಕೊಂಡು, ಬಳಸಿ, ಬೇಡವೆನಿಸಿದರೆ ಹಿಂದಿರುಗಿಸಬಹುದು ಎಂಬ ನಂಬಿಕೆ ಇಲ್ಲಿನ ಮನೆಮನೆಗಳಲ್ಲಿ ಬೇರೂರಿದೆ. ಅಲ್ಲಿಂದ ಬರುವವರು ಹೇಳುವ ಕಥೆಗಳೂ ಹಾಗೆಯೇ ಇರುತ್ತವೆ. ನಿಜಾಂಶವೆಂದರೆ, ದೋಷವಿಲ್ಲದ ಸರಕನ್ನು ಅಂಗಡಿಯವನು ವಾಪಸು ಪಡೆಯಲೇಬೇಕು ಎಂಬ ಕೇಂದ್ರ ಕಾನೂನು ಅಲ್ಲಿ ಇಲ್ಲ. ಮೂರು ದಿನದೊಳಗೆ ಖರೀದಿ ರದ್ದು ಮಾಡುವ ಒಂದು ನಿಯಮವಿದೆಯಾದರೂ ಅದು ಮನೆಬಾಗಿಲಿಗೆ ಬಂದು ಮಾರುವಂಥ ವ್ಯವಹಾರಗಳಿಗೆ. ಅಂಗಡಿಗೆ ಹೋಗಿ ಕೊಂಡದ್ದಕ್ಕೆ ಅನ್ವಯಿಸದು. ಕೆಲವು ರಾಜ್ಯಗಳು ಒಂದಿಷ್ಟು ಕಟ್ಟುಪಾಡು ಹಾಕಿವೆ. ಕ್ಯಾಲಿಫೋರ್ನಿಯಾದಲ್ಲಿ ಏಳು ದಿನವಾದರೂ ಪೂರ್ಣ ಹಣ ಹಿಂದಿರುಗಿಸದ ಅಂಗಡಿ ಆ ಸಂಗತಿಯನ್ನು ಕಾಣುವಂತೆ ಫಲಕ ಹಾಕಬೇಕು. ನ್ಯೂಯಾರ್ಕಿನಲ್ಲಿ ಫಲಕವಿಲ್ಲದಿದ್ದರೆ ಬಳಸದ ಸರಕನ್ನು 30 ದಿನದೊಳಗೆ ಮರಳಿಸಬಹುದು. ಮಿಕ್ಕಂತೆ ಎಲ್ಲವೂ ಅಂಗಡಿಯ ಔದಾರ್ಯ. ಪೈಪೋಟಿಯ ಒತ್ತಡದಿಂದ ಹುಟ್ಟಿದ ಔದಾರ್ಯ ಎನ್ನುವುದೇ ಸರಿ.

ಫೋನಿನ ವಿಷಯದಲ್ಲಿ ಆ ಔದಾರ್ಯ ಇನ್ನಷ್ಟು ಕಿರಿದು. ಬಟ್ಟೆಗೆ, ಪಾತ್ರೆಗೆ ತಿಂಗಳುಗಟ್ಟಲೆ ಅವಕಾಶ ಕೊಡುವ ಮಳಿಗೆಗಳು ಫೋನಿಗೆ ಸಾಮಾನ್ಯವಾಗಿ ಎರಡು ವಾರದಿಂದ ಒಂದು ತಿಂಗಳ ಗಡುವು ಇಡುತ್ತವೆ. ರಸೀತಿಯೊಂದಿಗೆ ಫೋನಿನ ಕ್ರಮಸಂಖ್ಯೆಯನ್ನೂ ದಾಖಲಿಸಿಕೊಳ್ಳುತ್ತವೆ; ಹೊಸ ಡಬ್ಬಿಯಲ್ಲಿ ಹಳೆಯ ಫೋನಿಟ್ಟು ತಂದುಕೊಡುವ ಜಾಣರನ್ನು ಹಿಡಿಯಲು ಇದೇ ಸಾಧನ. ಚಾಲನೆಗೊಳಿಸಿದ ಫೋನಿಗೆ ಕೆಲವೆಡೆ ಶುಲ್ಕ ಕಡಿತವಿದೆ. ಇನ್ನು ಒಮ್ಮೆ ಕೊಂಡ ಕರೆನ್ಸಿ ಕಾರ್ಡಿನ ಹಣವಂತೂ ಸಾಮಾನ್ಯವಾಗಿ ವಾಪಸು ಬರುವುದಿಲ್ಲ. ಫೋನಿನ ಬೆಲೆ ಮೂವತ್ತು ಡಾಲರ್, ಅದರೊಂದಿಗೆ ಹಾಕಿಸಿದ ಕರೆನ್ಸಿ ನಲವತ್ತೈದು ಡಾಲರ್ ಇದ್ದಲ್ಲಿ, ಫೋನು ಮರಳಿಸಿದವನ ಕೈಗೆ ಬರುವುದು ಮೂವತ್ತು ಮಾತ್ರ. ಸೆಕೆಂಡ್‌ಹ್ಯಾಂಡ್ ಕೊಂಡವನಿಗೆ ಅಂಗಡಿಯಲ್ಲಿ ಯಾವ ಬಾಗಿಲೂ ಇಲ್ಲ. ರಸೀತಿ ಬೇರೆಯವರ ಹೆಸರಿನಲ್ಲಿದೆ, ಹಣ ಬೇರೆಯವರ ಕಾರ್ಡಿನಿಂದ ಹೋಗಿದೆ. ಮರಳಿದರೂ ಅದು ಹೋಗುವುದು ಆ ಕಾರ್ಡಿಗೇ.

ಬೀಗ ತೆಗೆಸುವ ಬಗೆ

ಕೊಂಡ ಫೋನಿನ ಬೀಗವನ್ನು ಕಂಪನಿಯಿಂದಲೇ ತೆಗೆಸಬಹುದು, ಅದೂ ಉಚಿತವಾಗಿ. ಅಲ್ಲಿನ ಮೊಬೈಲ್ ಕಂಪನಿಗಳ ಒಕ್ಕೂಟ 2014ರಲ್ಲಿ ಒಪ್ಪಿಕೊಂಡ ನೀತಿಯ ಪ್ರಕಾರ, ಪ್ರಿಪೇಯ್ಡ್ ಫೋನನ್ನು ಮೊದಲ ಚಾಲನೆಯ ನಂತರ ಹೆಚ್ಚೆಂದರೆ ಒಂದು ವರ್ಷದೊಳಗೆ, ನ್ಯಾಯಯುತ ಬಳಕೆ ಮತ್ತು ಪಾವತಿಯ ಷರತ್ತಿಗೆ ಒಳಪಟ್ಟು, ಬಿಡಿಸಿಕೊಡಬೇಕು. ಕಂಪನಿಯಿಂದ ಕಂಪನಿಗೆ ಅವಧಿ ಬೇರೆ. ವೆರಿಜಾನ್ 2021ರ ನವೆಂಬರಿನಲ್ಲಿ ಟ್ರಾಕ್‌ಫೋನನ್ನು ಕೊಂಡಾಗ ಅಲ್ಲಿನ ದೂರಸಂಪರ್ಕ ಆಯೋಗ 60 ದಿನಗಳ ಮಿತಿ ವಿಧಿಸಿತ್ತು. ಬೀಗವಿಲ್ಲದ ಫೋನುಗಳು ವಂಚಕರ ಪಾಲಾಗಿ ವಿದೇಶಕ್ಕೆ ಹೋಗುತ್ತಿವೆ ಎಂಬ ಹಳೆಯ ವಾದವನ್ನೇ ಮುಂದಿಟ್ಟು ವೆರಿಜಾನ್ 2025ರಲ್ಲಿ ಆ ಮಿತಿಯಿಂದ ಬಿಡುಗಡೆ ಕೋರಿತು. ಆದ್ದರಿಂದ ನೆಂಟರು ಹೇಳಿದ ಹಳೆಯ ಅವಧಿಯನ್ನು ನಂಬದೆ, ಕೊಳ್ಳುವ ದಿನ ಚಾಲ್ತಿಯಲ್ಲಿರುವ ಷರತ್ತನ್ನೇ ಓದಿಕೊಳ್ಳಬೇಕು.

ಪ್ರವಾಸಿಗರು ಎಡವುವುದು ಇಲ್ಲೇ. ಅವಧಿ ಎಣಿಕೆಯಾಗುವುದು ಕೊಂಡ ದಿನದಿಂದಲ್ಲ, ಚಾಲನೆಗೊಳಿಸಿದ ದಿನದಿಂದ. ಎಷ್ಟೋ ಕಂಪನಿಗಳು ಅಷ್ಟೂ ತಿಂಗಳು ಹಣ ಕಟ್ಟಿ ಸೇವೆ ಬಳಸಿರಬೇಕು ಎನ್ನುತ್ತವೆ. ವಿಮಾನ ಹತ್ತುವ ಹಿಂದಿನ ದಿನ ಉಡುಗೊರೆಗೆಂದು ಕೊಂಡು, ಡಬ್ಬಿ ತೆರೆಯದೆ ತಂದ ಫೋನಿಗೆ ಈ ಎರಡೂ ಇಲ್ಲ. ಬೆಂಗಳೂರಿನಲ್ಲಿ ಎಷ್ಟು ವರ್ಷ ಬೀರುವಿನಲ್ಲಿಟ್ಟರೂ ಅದು ಬೀಗದ ಫೋನೇ. ಅಮೆರಿಕಕ್ಕೆ ಹೋದ ಮೊದಲ ವಾರವೇ ಫೋನು ಕೊಂಡು, ಅಲ್ಲಿರುವಷ್ಟು ದಿನ ಅದನ್ನೇ ಬಳಸಿ, ಅವಧಿ ಮುಗಿದೊಡನೆ ಬೀಗ ತೆಗೆಸಿ, ಬೇರೆ ಜಾಲದ ಸಿಮ್ ಹಾಕಿ ಪರೀಕ್ಷಿಸಿ ತಂದರೆ ತೊಂದರೆಯಿಲ್ಲ.

ಬೀಗ ಹೋದರೂ ಮತ್ತೊಂದು ಸಂಗತಿ ಉಳಿಯುತ್ತದೆ. ಅಲ್ಲಿ 2022ರಿಂದ ಮಾರಾಟವಾದ ಐಫೋನ್ 14 ಮತ್ತು ಅದರ ಈಚಿನ ಪ್ರಮುಖ ಮಾದರಿಗಳಲ್ಲಿ ಸಿಮ್ ಕಾರ್ಡ್ ತೂರಿಸುವ ಜಾಗವೇ ಇಲ್ಲ; ಇ-ಸಿಮ್ ಮಾತ್ರ. ಇಲ್ಲಿನ ಜಿಯೊ, ಏರ್‌ಟೆಲ್, ವಿ ಕಂಪನಿಗಳು ಇ-ಸಿಮ್ ಕೊಡುತ್ತವೆಯಾದರೂ, ಸಿಮ್ ಕಿತ್ತು ಇನ್ನೊಂದು ಫೋನಿಗೆ ಹಾಕುವ ಅಭ್ಯಾಸದವರಿಗೆ ಇದು ಹೊಸ ತಲೆನೋವು.

ನಮ್ಮಲ್ಲೂ ಒಂದು ಬೀಗದ ಫೋನು

ಭಾರತದಲ್ಲಿ ಬೀಗದ ಫೋನು ಅಪರೂಪ, ಆದರೆ ಇಲ್ಲವೇ ಇಲ್ಲವೆಂದಲ್ಲ. 2003ರಲ್ಲಿ 501 ರೂಪಾಯಿ ಕಟ್ಟಿ ರಿಲಯನ್ಸ್ ಫೋನು ಪಡೆದವರಿಗೆ ಆ ಸಿಡಿಎಂಎ ಫೋನು ಬೇರೆ ಕಂಪನಿಗೆ ಒಗ್ಗದು ಎಂಬುದು ನಂತರ ತಿಳಿಯಿತು. 2008ರಲ್ಲಿ ಬಂದ ಮೊದಲ ಐಫೋನು ಏರ್‌ಟೆಲ್ ಮತ್ತು ವೊಡಾಫೋನ್‌ಗಳಿಗೆ ಕಟ್ಟುಬಿದ್ದಿತ್ತು.

ಅಮೆರಿಕದ ಮಾದರಿಗೆ ತೀರ ಹತ್ತಿರ ಬಂದದ್ದು 2017ರ ಜುಲೈನಲ್ಲಿ ಘೋಷಣೆಯಾದ ಜಿಯೊಫೋನ್. ಬೆಲೆ ಶೂನ್ಯ, ಠೇವಣಿ 1,500 ರೂಪಾಯಿ, ಮೂರು ವರ್ಷದ ನಂತರ ಫೋನು ಮರಳಿಸಿದರೆ ಠೇವಣಿ ವಾಪಸು ಎಂಬುದು ಪ್ರಚಾರ. ಷರತ್ತುಗಳು ಹೊರಬಿದ್ದಾಗ ತಿಳಿದದ್ದು ಬೇರೆ: ವರ್ಷಕ್ಕೆ ಕನಿಷ್ಠ 1,500 ರೂಪಾಯಿಯ ರೀಚಾರ್ಜ್ ಮಾಡಿಸಬೇಕು, ಮೊದಲ ವರ್ಷದಲ್ಲೇ ಮರಳಿಸಿದರೆ 1,500, ಎರಡನೆಯ ವರ್ಷದಲ್ಲಿ 1,000, ಮೂರನೆಯ ವರ್ಷದಲ್ಲಿ 500 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ ಕೊಡಬೇಕು, ಫೋನನ್ನು ಬೇರೆಯವರಿಗೆ ಮಾರುವಂತಿಲ್ಲ. ಠೇವಣಿ ಎಂಬ ಪದವೇ ಎಲ್ಲವನ್ನೂ ಹೇಳುತ್ತದೆ. ಅಮೆರಿಕದ ಕಂಪನಿ ಪೊಟ್ಟಣದ ಮೇಲಿನ ಸಣ್ಣಕ್ಷರದಲ್ಲಿ ಸಾಧಿಸಲು ಹೊರಟದ್ದನ್ನು ಇಲ್ಲಿ ಮಾರಾಟವೇ ಅಲ್ಲದ ವ್ಯವಹಾರದಿಂದ ಸಾಧಿಸಲಾಯಿತು.

ಮಾಮೂಲಿ ಫೋನಿನ ಮಟ್ಟಿಗೆ ಭಾರತದ ಗ್ರಾಹಕನಿಗೆ ಮರುಮಾರಾಟದ ಸ್ವಾತಂತ್ರ್ಯ ಹೆಚ್ಚು, ಹಿಂದಿರುಗಿಸುವ ಸೌಲಭ್ಯ ಕಡಿಮೆ. "ಒಮ್ಮೆ ಮಾರಿದ ಸರಕನ್ನು ವಾಪಸು ಪಡೆಯಲಾಗುವುದಿಲ್ಲ" ಎಂಬ ಫಲಕ ಈಗಲೂ ಅನೇಕ ಅಂಗಡಿಗಳ ಬಿಲ್ಲಿನ ಅಡಿಯಲ್ಲಿದೆ. ದೋಷಯುಕ್ತ ಸರಕಿನ ಮಟ್ಟಿಗೆ ಆ ಸಾಲಿಗೆ ಬೆಲೆಯಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದಲ್ಲಿ 30 ದಿನದೊಳಗೆ, ವಾಪಸು ಪಡೆದು ಹಣ ಹಿಂದಿರುಗಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದೂ ಹಾಗೆಯೇ. ಆದರೆ ಬಣ್ಣ ಹಿಡಿಸಲಿಲ್ಲ, ಮನಸ್ಸು ಬದಲಾಯಿತು ಎಂಬುದಕ್ಕೆ ಈ ಕಾಯಿದೆಯ ಆಸರೆಯಿಲ್ಲ. ತಕರಾರಿದ್ದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಅಮೆರಿಕದಿಂದ ಬಂದ ಬೀಗದ ಫೋನುಗಳು ಕೊನೆಗೆ ಸೇರುವುದು ಬಳಸಿದ ಫೋನುಗಳ ಅಂಗಡಿಗಳನ್ನು. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನಂಥ ಕಡೆ ಅಂಥ ಫೋನು ಕೊಳ್ಳುವವರು ಹಣ ಕೊಡುವ ಮುನ್ನ ಅಂಗಡಿಯಲ್ಲೇ ತಮ್ಮ ಸಿಮ್ ಹಾಕಿ ಒಂದು ಕರೆ ಮಾಡಿ, ಒಂದು ಕರೆ ಬರಿಸಿಕೊಂಡು ನೋಡಬೇಕು. ಐಫೋನಾದರೆ ಸೆಟ್ಟಿಂಗ್ಸ್, ಜನರಲ್, ಅಬೌಟ್ ಎಂಬಲ್ಲಿ ಹೋದರೆ ಕ್ಯಾರಿಯರ್ ಲಾಕ್ ಎಂಬ ಸಾಲು ಸಿಗುತ್ತದೆ. ಅದರ ಮುಂದೆ ಸಿಮ್ ನಿರ್ಬಂಧವಿಲ್ಲ ಎಂಬ ಅರ್ಥದ ಇಂಗ್ಲಿಷ್ ಮಾತಿರಬೇಕು. *#06# ಒತ್ತಿದರೆ ಬರುವ 15 ಅಂಕಿಯ ಐಎಂಇಐ ಸಂಖ್ಯೆಯನ್ನು ದೂರಸಂಪರ್ಕ ಇಲಾಖೆ 2023ರಲ್ಲಿ ಆರಂಭಿಸಿದ ಸಂಚಾರ್ ಸಾಥಿ ತಾಣದಲ್ಲಿ ಪರೀಕ್ಷಿಸಬಹುದು. ಬಳಸಿದ ಫೋನಿನ ವ್ಯಾಪಾರಿಗಳೂ ಈ ಸಂಖ್ಯೆಯನ್ನು ಸರ್ಕಾರದ ಪಟ್ಟಿಯೊಂದಿಗೆ ಹೋಲಿಸಿ ನೋಡಬೇಕೆಂಬ ನಿಯಮ 2025ರ ಅಕ್ಟೋಬರಿನಲ್ಲಿ ಬಂದಿದೆ. ಕದ್ದ ಫೋನೆಂದು ಇಲ್ಲಿ ದೂರು ದಾಖಲಾಗಿದ್ದರೆ ಆ ಪಟ್ಟಿ ಹೇಳುತ್ತದೆ. ಸಮುದ್ರದಾಚೆಯ ಕಂಪನಿ ಹಾಕಿದ ಬೀಗ ಇದೆಯೇ ಇಲ್ಲವೇ ಎಂಬುದನ್ನು ಮಾತ್ರ ಅದು ಹೇಳದು. ಅದಕ್ಕೆ ಕೈಯಲ್ಲಿರುವ ಸಿಮ್ಮೇ ಪರೀಕ್ಷೆ.